ಹುಳುಮನೆಯ ಶಾಖನಿಯಾಮಕಕ್ಕೆ ತಕ್ಕ ತಂತಿಯ ಆಯ್ಕೆ

ಶಿಡ್ಲಘಟ್ಟ, ಚಿಂತಾಮಣಿ, ಕೋಲಾರ, ರಾಮನಗರ ಮೊದಲಾದ ಹಿಪ್ಪುನೇರಳೆಯ ಪ್ರಾಂತಗಳಲ್ಲಿ ಮಾರ್ಗಶಿರ ಪುಷ್ಯ ಮಾಸಗಳ ಚಳಿಯು ಹುಳು ಸಾಕುವವರಿಗೆ ಎಷ್ಟು ತೊಡಕನ್ನುಂಟುಮಾಡುವುದೆಂಬುದನ್ನು ಜಮೀನುದಾರರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಹೊರಗಿನ ಉಷ್ಣತೆಯು ೧೫ ಡಿಗ್ರಿಗೂ ಕೆಳಕ್ಕೆ ಇಳಿಯುವ ರಾತ್ರಿಗಳಲ್ಲಿ ಚಾಕಿ ಹುಳುಗಳಿಗೆ ಮಾತ್ರ ೨೭ರಿಂದ ೨೮ ಡಿಗ್ರಿ ಸೆಂಟಿಗ್ರೇಡ್ ಶಾಖವೂ, ನೂರಕ್ಕೆ ೮೫ರಿಂದ ೯೦ರಷ್ಟು ತೇವವೂ ಬೇಕು. ಹುಳುಗಳು ಬೆಳೆದಂತೆಲ್ಲ ಈ ಅಗತ್ಯವು ಕಡಮೆಯಾಗುತ್ತ ಬಂದು, ಕಡೆಯ ಹಂತದಲ್ಲಿ ೨೩ರಿಂದ ೨೫ ಡಿಗ್ರಿ ಶಾಖ, ನೂರಕ್ಕೆ ೭೦ರಷ್ಟು ತೇವ ಸಾಕಾಗುವುದು. ಮೊದಲ ಏಳೆಂಟು ದಿನಗಳಲ್ಲಿ ಶಾಖವು ತಪ್ಪಿದರೆ ಹುಳುಗಳು ಒಂದೇ ಸಮನಾಗಿ ಜ್ವರಕ್ಕೆ ಕೂರುವುದಿಲ್ಲ, ಕೆಲವು ಎದ್ದಿರುವಾಗ ಕೆಲವು ಮಲಗಿರುವುವು, ಸೊಪ್ಪು ವ್ಯರ್ಥವಾಗುವುದು, ಸಾಕಣೆಯ ದಿನಗಳು ಹೆಚ್ಚುವುವು. ಚಳಿಯೊಡನೆ ತೇವವೂ ಸೇರಿದರೆ ಸುಣ್ಣಕಟ್ಟು ರೋಗಕ್ಕೆ ಬಾಗಿಲು ತೆರೆದಂತಾಗುವುದು.

ಹಿಂದೆ ಈ ಶಾಖವನ್ನು ಇದ್ದಿಲಿನ ಒಲೆಯಿಂದ ಒದಗಿಸುತ್ತಿದ್ದರು, ಈಗಲೂ ಒದಗಿಸುವವರಿದ್ದಾರೆ. ಮುಚ್ಚಿದ ಕೋಣೆಯಲ್ಲಿ ಉರಿಯುವ ಇದ್ದಿಲಿನಿಂದ ವಾಸನೆಯಿಲ್ಲದ ವಿಷವಾಯುವು ಹುಟ್ಟುವುದರಿಂದ ಅದು ಹುಳುವಿಗೂ, ರಾತ್ರಿ ಕಾವಲಿರುವ ಮನುಷ್ಯನಿಗೂ ಕೇಡು. ಬಹುತಳಿ ಹುಳುಗಳು ಶಾಖದ ಏರಿಳಿತವನ್ನು ಒಂದು ಮಟ್ಟಿಗೆ ತಾಳಿಕೊಳ್ಳುತ್ತಿದ್ದುದರಿಂದ ಹಿಂದಿನವರಿಗೆ ಒಲೆಯಿಂದಲೇ ಕೆಲಸವು ಸಾಗುತ್ತಿತ್ತು. ೧೯೯೦ರ ದಶಕದಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯು ಜಪಾನೀ ತಜ್ಞರ ಸಹಕಾರದಿಂದ ಸಿ.ಎಸ್.ಆರ್. ಎಂಬ ಹೆಸರಿನ ದ್ವಿತಳಿಗಳನ್ನು ರೂಢಿಗೆ ತಂದ ಮೇಲೆ ಸ್ಥಿತಿಯು ಬೇರೆಯಾಯಿತು. ದ್ವಿತಳಿಯ ಗೂಡಿಗೆ ಪೇಟೆಯಲ್ಲಿ ಬೆಲೆಯು ಹೆಚ್ಚು. ಹಾಗೆಯೇ ಆ ಹುಳುವಿನ ಸೂಕ್ಷ್ಮತೆಯೂ ಹೆಚ್ಚು. ಆದಕಾರಣ ವಿದ್ಯುತ್ತಿನ ಹೀಟರನ್ನೂ, ಅದನ್ನು ತಾನೇ ಹಚ್ಚಿ ತಾನೇ ಆರಿಸುವ ಶಾಖನಿಯಾಮಕವನ್ನೂ, ಎಂದರೆ ಥರ್ಮೋಸ್ಟಾಟನ್ನೂ, ಹುಳುಮನೆಗಳಲ್ಲಿ ಇಡುವ ಪದ್ಧತಿಯು ಹಬ್ಬುತ್ತಿದೆ. ಈಚೆಗೆ ದೂರವಾಣಿಯಲ್ಲಿಯೇ ಕೋಣೆಯ ಶಾಖವನ್ನು ತೋರಿಸಿ, ಊರಿನಲ್ಲಿ ಕುಳಿತೇ ಅದನ್ನು ತಿದ್ದುವುದಕ್ಕೆ ಅವಕಾಶ ಕೊಡುವ ಸ್ಮಾರ್ಟ್ ಥರ್ಮೋಸ್ಟಾಟುಗಳೂ ಬಂದಿವೆ.

ಯಂತ್ರವನ್ನು ಕೊಳ್ಳುವಾಗ ಹತ್ತು ಅಂಗಡಿಗಳನ್ನು ವಿಚಾರಿಸುವ ರೈತರು, ಆ ಯಂತ್ರದಿಂದ ಹೀಟರಿಗೆ ಹೋಗುವ ತಂತಿಯ ವಿಷಯದಲ್ಲಿ ಬಹುಮಟ್ಟಿಗೆ ಉದಾಸೀನರು. ಮನೆಯಲ್ಲಿ ಬಿದ್ದಿದ್ದ ದೀಪದ ತಂತಿ, ಹಬ್ಬದ ಚಪ್ಪರಕ್ಕೆ ತಂದಿದ್ದ ತಂತಿ, ಯಾವುದು ಕೈಗೆ ಸಿಕ್ಕಿದರೆ ಅದನ್ನು ಎಳೆದುಬಿಡುವುದುಂಟು. ಹುಳುಮನೆಯೆಂದರೆ ಒಣಗಿದ ಬಿದಿರಿನ ಚಂದ್ರಂಕಿಗಳೂ, ಕಾಗದವೂ, ಗೋಣಿಯೂ, ಅನೇಕ ಕಡೆ ತೆಂಗಿನ ಗರಿಯ ಅಥವಾ ಹುಲ್ಲಿನ ಮಾಡೂ ಇರುವ ಸ್ಥಳ. ಅಲ್ಲಿ ತಂತಿಯು ಕಾದರೆ ಒಂದು ಬೆಳೆಯಷ್ಟೇ ಅಲ್ಲ, ಮನೆಯೇ ಹೋಗುವುದು. ಆದುದರಿಂದ ತಂತಿಯ ಆಯ್ಕೆಯನ್ನು ಕುರಿತು ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಶಾಖನಿಯಾಮಕವು ಮೂಲತಃ ಒಂದು ಗುಂಡಿ ಮಾತ್ರ. ಮನುಷ್ಯನು ಎದ್ದು ಹೋಗಿ ಒತ್ತಬೇಕಾದ ಗುಂಡಿಯನ್ನು ಅದು ಶಾಖವನ್ನು ನೋಡಿಕೊಂಡು ತಾನೇ ಒತ್ತುವುದು. ೧೮೩೦ರಲ್ಲಿ ಸ್ಕಾಟ್ಲೆಂಡಿನ ಆಂಡ್ರೂ ಯೂರ್ ಎಂಬ ರಸಾಯನಶಾಸ್ತ್ರಜ್ಞನು ಎರಡು ಲೋಹಗಳನ್ನು ಬೆಸೆದ ಪಟ್ಟಿಯಿಂದ ಇಂತಹ ಸಾಧನವನ್ನು ರಚಿಸಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಶಾಖಕ್ಕೆ ಒಂದು ಲೋಹವು ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಪಟ್ಟಿಯು ಬಾಗಿ ಕೆಲಸಮಾಡುತ್ತಿತ್ತು. ಈಗಿನ ಯಂತ್ರಗಳಲ್ಲಿ ಪಟ್ಟಿಯ ಬದಲು ಸಣ್ಣದೊಂದು ಶಾಖಗ್ರಾಹಿಯೂ, ಒಳಗೆ ರಿಲೇ ಎಂಬ ಕಿರುಗುಂಡಿಯೂ ಇರುತ್ತವೆ. ಆ ಕಿರುಗುಂಡಿಯ ಮೂಲಕ ಎಷ್ಟು ವಿದ್ಯುತ್ತು ಹರಿಯಬಹುದೆಂಬುದೇ ಮೊದಲು ತಿಳಿಯತಕ್ಕ ವಿಷಯ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕಾಗಿದೆ. ಈ ಸ್ಮಾರ್ಟ್ ಥರ್ಮೋಸ್ಟಾಟುಗಳು ಹೆಚ್ಚಾಗಿ ಶೀತದೇಶಗಳ ಮನೆಗಳಿಗೋಸ್ಕರ ತಯಾರಾದುವು. ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಮನೆಗೊಂದು ಬಾಯ್ಲರು ನೀರನ್ನು ಕಾಯಿಸಿ ಕೊಳವೆಗಳ ಮೂಲಕ ಕೋಣೆಗಳಿಗೆ ಕಳುಹಿಸುವುದು. ಕಾಯಿಸುವ ಕೆಲಸವನ್ನು ಅನಿಲವು ಮಾಡುವುದು. ಅಲ್ಲಿ ಗೋಡೆಯ ಮೇಲಿನ ಥರ್ಮೋಸ್ಟಾಟು ಬಾಯ್ಲರಿಗೆ ‘ಹತ್ತು, ಆರು’ ಎಂಬ ಸನ್ನೆಯನ್ನಷ್ಟೇ ಕೊಡುವುದರಿಂದ ತೆಳುವಾದ ತಂತಿಯೇ ಸಾಕು. ಅಮೆರಿಕದ ಮನೆಗಳಲ್ಲಿ ಈ ಸನ್ನೆಯ ವಿದ್ಯುತ್ತು ೨೪ ವೋಲ್ಟು ಮಾತ್ರ. ನಮ್ಮ ಹುಳುಮನೆಯಲ್ಲಾದರೋ ಕಾಯಿಸುವ ಕೆಲಸವನ್ನು ವಿದ್ಯುತ್ತೇ ಮಾಡುವುದರಿಂದ, ಹೀಟರು ಕುಡಿಯುವ ವಿದ್ಯುತ್ತೆಲ್ಲವೂ ಥರ್ಮೋಸ್ಟಾಟಿನ ಒಳಗೂ ಅದರ ತಂತಿಯ ಒಳಗೂ ಹಾದುಹೋಗಬೇಕು. ಸನ್ನೆ ಮಾಡುವವನ ಕೈಗೆ ಮೂಟೆಯನ್ನು ಹೊರಿಸಿದರೆ ಆಗುವ ಗತಿಯೇ ಆಗ ಆ ಯಂತ್ರಕ್ಕೂ ಆಗುವುದು.

ಪೇಟೆಯಲ್ಲಿಯೂ ಅಂತರ್ಜಾಲದ ಅಂಗಡಿಗಳಲ್ಲಿಯೂ ಒಂದೇ ಮುಖಚರ್ಯೆಯ ಥರ್ಮೋಸ್ಟಾಟುಗಳು ಬೇರೆಬೇರೆ ಶಕ್ತಿಯಲ್ಲಿ ದೊರೆಯುತ್ತವೆ. ಬಾಯ್ಲರಿಗೆಂದು ಮಾಡಿದುದರ ಬೆನ್ನಿನಲ್ಲಿ ೩ ಆಂಪಿಯರ್ ಎಂದೂ, ವಿದ್ಯುತ್ತಿನ ಹೀಟರಿಗೆಂದು ಮಾಡಿದುದರಲ್ಲಿ ೧೬ ಆಂಪಿಯರ್ ಎಂದೂ ಬರೆದಿರುವುದು ಸಾಮಾನ್ಯ. ೨೪ ವೋಲ್ಟಿನದನ್ನು ೨೩೦ ವೋಲ್ಟಿಗೆ ಸೇರಿಸಿದರೆ ಗುಂಡಿ ಒತ್ತಿದ ಕ್ಷಣದಲ್ಲಿಯೇ ಸುಟ್ಟುಹೋಗುವುದು. ೩ ಆಂಪಿಯರಿನದಕ್ಕೆ ಹೀಟರನ್ನು ಸೇರಿಸಿದರೆ ಕೆಲವು ದಿನ ದುಡಿದಂತೆ ನಟಿಸಿ, ನಡುರಾತ್ರಿಯಲ್ಲಿ ಕೈಕೊಡುವುದು. ಎರಡರಲ್ಲಿ ಎರಡನೆಯದೇ ಹೆಚ್ಚು ಅಪಾಯಕರ. ಏಕೆಂದರೆ ಅತಿಯಾದ ವಿದ್ಯುತ್ತಿನಿಂದ ಒಳಗಿನ ರಿಲೇ ಬೆಸೆದುಕೊಂಡು ಅಂಟಿಹೋದರೆ ಹೀಟರು ಆರುವುದೇ ಇಲ್ಲ. ಬೆಳಗಾಗುವಷ್ಟರಲ್ಲಿ ತಟ್ಟೆಯಲ್ಲಿ ಹುಳುಗಳು ಬೆಂದಿರುವುವು.

ಇನ್ನು ಲೆಕ್ಕ. ಹೀಟರಿನ ಮೇಲೆ ಬರೆದ ವಾಟ್‌ಗಳನ್ನು ೨೩೦ರಿಂದ ಭಾಗಿಸಿದರೆ ಎಷ್ಟು ಆಂಪಿಯರ್ ಎಂಬುದು ಗೊತ್ತಾಗುವುದು. ೨೦೦೦ ವಾಟಿನ ಒಂದು ಹೀಟರಿಗೆ ೮.೭ ಆಂಪಿಯರ್, ಅಂತಹವು ಎರಡಾದರೆ ೧೭.೪. ತಾಮ್ರದ ತಂತಿಯ ಗಾತ್ರವನ್ನು ಅದರ ಅಡ್ಡಕೊಯ್ತದ ಚದರ ಮಿಲಿಮೀಟರುಗಳಲ್ಲಿ ಹೇಳುವರು. ಪಿ.ವಿ.ಸಿ. ಹೊದಿಕೆಯ ಬಾಗುವ ತಂತಿಯು ತೆರೆದ ಗಾಳಿಯಲ್ಲಿ ಸುಮಾರಾಗಿ, ೦.೭೫ ಚದರ ಮಿಲಿಮೀಟರಿನದಾದರೆ ೭ ಆಂಪಿಯರ್, ೧.೫ರದಾದರೆ ೧೪, ೨.೫ರದಾದರೆ ೧೯, ೪ರದಾದರೆ ೨೬ ಆಂಪಿಯರ್ ವಿದ್ಯುತ್ತನ್ನು ತಾಳುವುದು. ಕೊಳವೆಯೊಳಗೆ ನಾಲ್ಕಾರು ತಂತಿಗಳನ್ನು ಒಟ್ಟಿಗೆ ತುರುಕಿದರೆ, ಅಥವಾ ಕೋಣೆಯೇ ಬೆಚ್ಚಗಿದ್ದರೆ, ಈ ಶಕ್ತಿಯು ಕುಗ್ಗುವುದು. ಹುಳುಮನೆಯು ಬೆಚ್ಚಗಿರಲೆಂದೇ ಕಟ್ಟಿದ ಮನೆಯಾದುದರಿಂದ ಲೆಕ್ಕಕ್ಕೆ ಸರಿಯಾಗಿ ಕೂಡುವ ಗಾತ್ರವನ್ನಲ್ಲದೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ಕೊಳ್ಳುವುದು ವಿವೇಕ.

ಬೋರ್ಡು ಹುಳುಮನೆಯ ಗೋಡೆಯ ಮೇಲೆಯೇ ಇದ್ದರೆ ಇಷ್ಟು ಲೆಕ್ಕವೇ ಸಾಕು. ೨೦೦೦ ವಾಟಿನ ಒಂದು ಹೀಟರಿಗೆ ೨.೫ ಚದರ ಮಿಲಿಮೀಟರಿನ ತಂತಿಯು ಧಾರಾಳವಾಯಿತು. ಆದರೆ ಸೋಂಕು ತಗುಲದಿರಲೆಂದು ಹುಳುಮನೆಯನ್ನು ವಾಸದ ಮನೆಯಿಂದ ದೂರದಲ್ಲಿ, ತೋಟದ ಅಂಚಿನಲ್ಲಿ ಕಟ್ಟುವುದು ಒಳ್ಳೆಯ ಪದ್ಧತಿ. ಆಗ ತಂತಿಯ ಉದ್ದವೇ ಮುಖ್ಯವಾಗುವುದು. ದೂರದ ಗದ್ದೆಗೆ ಹೋಗುವ ಕಾಲುವೆಯಲ್ಲಿ ನೀರು ದಾರಿಯಲ್ಲಿಯೇ ಹೀರಿಹೋಗುವಂತೆ, ಉದ್ದವಾದ ತೆಳುತಂತಿಯಲ್ಲಿ ವಿದ್ಯುತ್ತಿನ ಒತ್ತಡವು ದಾರಿಯಲ್ಲಿಯೇ ಇಳಿಯುವುದು; ಇಳಿದುದು ತಂತಿಯನ್ನು ಕಾಯಿಸುವುದಕ್ಕೆ ಖರ್ಚಾಗುವುದು.

ಬೋರ್ಡಿನಿಂದ ೬೦ ಮೀಟರ್ ದೂರದಲ್ಲಿ ಹುಳುಮನೆಯಿದೆಯೆಂದು ಇಟ್ಟುಕೊಳ್ಳಬಹುದು. ವಿದ್ಯುತ್ತು ಹೋಗಿ ಹಿಂದಿರುಗಬೇಕಾದುದರಿಂದ ತಂತಿಯ ದಾರಿ ೧೨೦ ಮೀಟರ್. ೦.೭೫ರ ತಾಮ್ರದ ತಂತಿಯ ಅಡ್ಡಿಯು ಸಾವಿರ ಮೀಟರಿಗೆ ೨೬ ಓಮ್. ೧೨೦ ಮೀಟರಿಗೆ ೩ ಓಮಿಗೂ ಸ್ವಲ್ಪ ಹೆಚ್ಚು. ಈ ತಂತಿಯ ತುದಿಯಲ್ಲಿ ೨೦೦೦ ವಾಟಿನ ಹೀಟರನ್ನಿಟ್ಟರೆ ಅದಕ್ಕೆ ೨೩೦ ವೋಲ್ಟಿನ ಬದಲು ಸುಮಾರು ೨೦೬ ವೋಲ್ಟು ಮಾತ್ರ ಮುಟ್ಟುವುದು. ೨೦೦೦ ವಾಟಿನ ಬದಲು ೧೬೦೦ ವಾಟಿನಷ್ಟು ಶಾಖ ಮಾತ್ರ ದೊರೆಯುವುದು. ೧೯೦ ವಾಟಿನಷ್ಟು ಶಾಖವು ದಾರಿಯ ತಂತಿಯಲ್ಲಿ ಹುಟ್ಟುವುದು. ೧.೫ರ ತಂತಿಯಾದರೆ ಹೀಟರಿಗೆ ಸುಮಾರು ೧೭೮೦ ವಾಟ್, ೨.೫ರದಾದರೆ ೧೮೬೦, ೪ರದಾದರೆ ೧೯೧೦ ವಾಟ್ ಮುಟ್ಟುವುದು. ಹಳ್ಳಿಯ ಮಾರ್ಗದಲ್ಲಿ ಸಂಜೆಯ ಹೊತ್ತು ೨೩೦ ವೋಲ್ಟೇ ಇರುವುದಿಲ್ಲವಾದುದರಿಂದ ನಿಜದ ಲೆಕ್ಕವು ಇದಕ್ಕಿಂತಲೂ ಕಡಮೆಯೇ.

ಈ ನಷ್ಟವನ್ನು ಕೇವಲ ಬಿಲ್ಲಿನ ನಷ್ಟವೆಂದು ತಿಳಿಯಬಾರದು. ಥರ್ಮೋಸ್ಟಾಟಿಗೆ ೨೮ ಡಿಗ್ರಿ ಎಂದು ಗೊತ್ತುಮಾಡಿ ಮಲಗಿದ ಯಜಮಾನನು, ಕೋಣೆಯು ೨೮ ಡಿಗ್ರಿಗೆ ಬಂದೊಡನೆ ಹೀಟರು ಆರಿ ತಂತಿಗೂ ವಿರಾಮವು ದೊರೆಯುವುದೆಂದು ನಂಬಿರುತ್ತಾನೆ. ತಂತಿಯು ತೆಳುವಾಗಿ ಹೀಟರಿಗೆ ಬಲವು ಸಾಲದೆ ಹೋದರೆ, ಚಳಿಯ ರಾತ್ರಿಯಲ್ಲಿ ಕೋಣೆಯು ೨೫ ಅಥವಾ ೨೬ರ ಬಳಿ ನಿಂತುಬಿಡುವುದು. ಥರ್ಮೋಸ್ಟಾಟು ಎಂದಿಗೂ ಆರುವುದಿಲ್ಲ. ಶಕ್ತಿಗೆ ಮೀರಿದ ವಿದ್ಯುತ್ತನ್ನು ಹೊತ್ತ ತಂತಿಯು ಹತ್ತು ಹನ್ನೆರಡು ಗಂಟೆಗಳ ಕಾಲ ಒಂದೇ ಸಮನೆ ಕಾಯುವುದು. ಹೆಚ್ಚಾದ ಉದ್ದವನ್ನು ಕತ್ತರಿಸಲು ಮನಸ್ಸು ಬಾರದೆ ಸುರುಳಿ ಸುತ್ತಿ ಚಂದ್ರಂಕಿಯ ಹಿಂದೆ ಇಟ್ಟಿದ್ದರೆ, ಆ ಸುರುಳಿಯ ನಡುವಿನ ಶಾಖಕ್ಕೆ ಹೊರಗೆ ಹೋಗುವ ದಾರಿಯಿಲ್ಲ. ಹೊದಿಕೆಯು ಮೆತ್ತಗಾಗಿ, ಎರಡು ತಂತಿಗಳು ಒಂದಕ್ಕೊಂದು ತಗುಲಿ, ಕಿಡಿ ಹಾರುವುದು. ಹುಳುಗಳೆಲ್ಲ ಎರಡನೆಯ ಜ್ವರದಿಂದ ಎದ್ದು ಮೇಯುತ್ತಿರುವ ರಾತ್ರಿಯಲ್ಲಿ ಒಂದು ಕಿಡಿಯು ಎಷ್ಟು ಜನರ ದುಡಿಮೆಯನ್ನು ನುಂಗಬಹುದೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಊರಿನ ಹತ್ತು ಮನೆಗಳಿಗೆ ಹುಳುವನ್ನು ಹಂಚುವ ಚಾಕಿ ಕೇಂದ್ರದಲ್ಲಿ ಹೀಗಾದರೆ ಆ ಹತ್ತು ಮನೆಗಳ ಬೆಳೆಯೂ ಹೋದಂತೆ.

ದಾರಿಯಲ್ಲಿ ಇಳಿಯುವ ಒತ್ತಡವು ನೂರಕ್ಕೆ ೩ರಷ್ಟನ್ನು, ಎಂದರೆ ಸುಮಾರು ೭ ವೋಲ್ಟನ್ನು ಮೀರದಂತೆ ನೋಡಿಕೊಂಡರೆ ಒಳ್ಳೆಯದು. ೬೦ ಮೀಟರ್ ದೂರದ ಒಂದು ಹೀಟರಿಗೆ ೨.೫ರ ತಂತಿಯಲ್ಲಿ ೮ ವೋಲ್ಟಿಗೂ ಹೆಚ್ಚಾಗಿ ಇಳಿಯುವುದು. ೪ರದರಲ್ಲಿ ೫ ವೋಲ್ಟು. ಆದುದರಿಂದ ಇಲ್ಲಿ ೪ ಚದರ ಮಿಲಿಮೀಟರೇ ತಕ್ಕ ಗಾತ್ರ. ಎರಡು ಹೀಟರುಗಳಿಗೆ ಒಂದೇ ದಾರಿಯಾದರೆ ೬ ಚದರ ಮಿಲಿಮೀಟರಿನದು ಬೇಕು. ಎರಡು ಹೀಟರುಗಳ ೧೭.೪ ಆಂಪಿಯರನ್ನು ೧೬ ಆಂಪಿಯರಿನ ಥರ್ಮೋಸ್ಟಾಟೂ ತಾಳಲಾರದಷ್ಟೆ. ಅಂತಹ ಕಡೆ ನಡುವೆ ಕಾಂಟ್ಯಾಕ್ಟರ್ ಎಂಬ ದೊಡ್ಡ ಗುಂಡಿಯನ್ನಿಟ್ಟು, ಹೀಟರುಗಳ ಭಾರವನ್ನು ಅದಕ್ಕೆ ಹೊರಿಸಿ, ಆ ಕಾಂಟ್ಯಾಕ್ಟರಿನ ಸುರುಳಿಯನ್ನು ಮಾತ್ರ ಥರ್ಮೋಸ್ಟಾಟಿಗೆ ಒಪ್ಪಿಸತಕ್ಕದ್ದು. ಪಂಪಿನ ಸ್ಟಾರ್ಟರನ್ನು ಕಂಡವರಿಗೆ ಇದು ಹೊಸ ವಸ್ತುವಲ್ಲ; ಸ್ಟಾರ್ಟರಿನ ಒಳಗೆ ಟಪ್ಪೆಂದು ಎಳೆದುಕೊಳ್ಳುವುದು ಇದೇ. ಸುರುಳಿಗೆ ಬೇಕಾದ ವಿದ್ಯುತ್ತು ಬಹು ಸ್ವಲ್ಪವಾದುದರಿಂದ ಥರ್ಮೋಸ್ಟಾಟಿನಿಂದ ಕಾಂಟ್ಯಾಕ್ಟರಿಗೆ ಹೋಗುವ ತಂತಿಯು ೧ ಚದರ ಮಿಲಿಮೀಟರಿನದಾದರೂ ಸಾಕು. ೩ ಆಂಪಿಯರಿನ ಥರ್ಮೋಸ್ಟಾಟನ್ನು ಈಗಾಗಲೇ ಕೊಂಡು ತಂದವರಿಗೂ ಇದೇ ಉಪಾಯ. ಆದರೆ ಅದು ೨೩೦ ವೋಲ್ಟಿಗೆ ಒಪ್ಪುವುದೇ ಎಂಬುದನ್ನು ಮೊದಲು ಬೆನ್ನಿನ ಬರಹದಲ್ಲಿ ನೋಡಿಕೊಳ್ಳಬೇಕು.

ಅಂಗಡಿಯಲ್ಲಿ ತಂತಿಯ ದಪ್ಪವನ್ನು ಕಣ್ಣಿನಿಂದ ಅಳೆಯುವವರು ಮೋಸಹೋಗುವರು. ಹೊರಗಿನ ಹೊದಿಕೆಯನ್ನು ದಪ್ಪಮಾಡಿ ಒಳಗಿನ ತಾಮ್ರವನ್ನು ಕಡಮೆಮಾಡಿದ ತಂತಿಯು ಕೈಗೆ ಗಟ್ಟಿಯಾಗಿಯೇ ಕಾಣುವುದು. ಹಳೆಯ ವೈರ್‌ಮನ್ನರು ಇನ್ನೂ ಒಂದು-ಹದಿನೆಂಟು, ಮೂರು-ಇಪ್ಪತ್ತು, ಏಳು-ಇಪ್ಪತ್ತು ಎಂಬ ಗೇಜಿನ ಮಾತನ್ನೇ ಆಡುವುದುಂಟು. ಮೊದಲನೆಯ ಸಂಖ್ಯೆಯು ಎಳೆಗಳ ಲೆಕ್ಕ, ಎರಡನೆಯದು ಎಳೆಯ ಗೇಜು. ಒಂದು-ಹದಿನೆಂಟೆಂದರೆ ೧.೨ ಚದರ ಮಿಲಿಮೀಟರಿಗೂ ಕಡಮೆ, ಮೂರು-ಇಪ್ಪತ್ತೆಂದರೆ ೨ಕ್ಕೆ ಹತ್ತಿರ, ಏಳು-ಇಪ್ಪತ್ತೆಂದರೆ ೪.೬. ಈಗಿನ ಬಾಗುವ ತಂತಿಗಳಲ್ಲಿ ೦.೩ ಮಿಲಿಮೀಟರ್ ದಪ್ಪದ ಎಳೆಗಳಿರುವುದು ವಾಡಿಕೆ, ೧.೫ರ ತಂತಿಯಲ್ಲಿ ಅಂತಹ ಎಳೆಗಳು ೨೨, ೨.೫ರದರಲ್ಲಿ ೩೬, ೪ರದರಲ್ಲಿ ೫೬, ೬ರದರಲ್ಲಿ ೮೪. ತುದಿಯನ್ನು ಒಂದು ಅಂಗುಲ ಸುಲಿಸಿ ಎಳೆಗಳನ್ನು ಎಣಿಸುವುದಕ್ಕೆ ಯಾವ ವರ್ತಕನೂ ಅಡ್ಡಿಮಾಡಲಾರನು. ಅಡ್ಡಿಮಾಡುವವನ ಅಂಗಡಿಯನ್ನು ಬಿಟ್ಟು ಮುಂದಕ್ಕೆ ಹೋಗಬಹುದು. ಎಣಿಸಿದ ಎಳೆಯೊಂದನ್ನು ಚಾಕುವಿನಿಂದ ಕೆರೆದು ನೋಡುವುದೂ ಅವಶ್ಯ. ಒಳಗೂ ಕೆಂಪಾಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅದು ತಾಮ್ರದ ನೀರು ಕೊಟ್ಟ ಅಲ್ಯುಮಿನಿಯಂ. ಅಲ್ಯುಮಿನಿಯಮ್ಮಿನ ಅಡ್ಡಿಯು ತಾಮ್ರದ ಒಂದೂವರೆಪಟ್ಟಿಗೂ ಹೆಚ್ಚಾದುದರಿಂದ ಮೇಲಿನ ಲೆಕ್ಕಗಳು ಯಾವುವೂ ಅದಕ್ಕೆ ಅನ್ವಯಿಸುವುದಿಲ್ಲ. ತಂತಿಯ ಮೈಮೇಲೆ ಐ.ಎಸ್. ೬೯೪ ಎಂಬ ಸಂಖ್ಯೆಯೂ, ಐ.ಎಸ್.ಐ. ಮುದ್ರೆಯೂ, ಗಾತ್ರವೂ ಅಚ್ಚಾಗಿರತಕ್ಕದ್ದು.

ಗಾತ್ರವಾದ ಮೇಲೆ ಎಳೆಗಳ ಸಂಖ್ಯೆ, ಎಂದರೆ ಒಂದೇ ಹೊದಿಕೆಯೊಳಗೆ ಎಷ್ಟು ಬೇರೆಬೇರೆ ತಂತಿಗಳಿರಬೇಕೆಂಬ ಪ್ರಶ್ನೆ. ಸ್ಮಾರ್ಟ್ ಥರ್ಮೋಸ್ಟಾಟು ಎಚ್ಚರವಾಗಿರುವುದಕ್ಕೆ ತನಗೇ ಯಾವಾಗಲೂ ವಿದ್ಯುತ್ತು ಬೇಕು. ಆದುದರಿಂದ ಬೋರ್ಡಿನಿಂದ ಅದಕ್ಕೆ ಫೇಸ್, ನ್ಯೂಟ್ರಲ್, ಅರ್ತ್ ಎಂಬ ಮೂರು ತಂತಿಗಳು ಬರಬೇಕು. ಅದರಿಂದ ಹೀಟರಿಗೆ ಗುಂಡಿಯ ಮೂಲಕ ಹೊರಟ ಫೇಸ್, ನ್ಯೂಟ್ರಲ್, ಅರ್ತ್ ಎಂಬ ಮೂರು ತಂತಿಗಳು ಹೋಗಬೇಕು. ಬಾಗುವ ಮೂರೆಳೆಯ ತಂತಿಯಲ್ಲಿ ಕಂದು ಬಣ್ಣದ್ದು ಫೇಸಿಗೆ, ನೀಲಿಯದು ನ್ಯೂಟ್ರಲಿಗೆ, ಹಸುರು-ಹಳದಿ ಪಟ್ಟೆಯದು ಅರ್ತಿಗೆ ಮೀಸಲು.

ತೊಡಕು ಬರುವುದು ಹಳೆಯ ಮನೆಗಳಲ್ಲಿ. ಗೋಡೆಯ ಗುಂಡಿಯ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಫೇಸಿನ ತಂತಿಯೂ, ದೀಪಕ್ಕೆ ಹೋಗುವ ತಂತಿಯೂ, ಹೀಗೆ ಎರಡು ಮಾತ್ರ ಇರುತ್ತವೆ. ನ್ಯೂಟ್ರಲ್ ಮೇಲೆ ದೀಪದ ಬಳಿಗೆ ನೇರವಾಗಿ ಹೋಗಿರುವುದು. ಆ ಪೆಟ್ಟಿಗೆಯಲ್ಲಿ ಥರ್ಮೋಸ್ಟಾಟನ್ನು ಕೂರಿಸಿ, ನ್ಯೂಟ್ರಲ್ ಇಲ್ಲದಿರುವುದನ್ನು ಕಂಡು, ಹಸುರು ತಂತಿಯನ್ನೇ ನ್ಯೂಟ್ರಲಿನಂತೆ ಉಪಯೋಗಿಸುವ ಚಮತ್ಕಾರವನ್ನು ಕೆಲವರು ತೋರಿಸುವರು. ಯಂತ್ರವು ಹತ್ತುವುದು ನಿಜ. ಆದರೆ ಅರ್ತಿನ ತಂತಿಯು ಎಲ್ಲಿಯಾದರೂ ಕಳಚಿದ ದಿನ, ಅದರೊಡನೆ ಸೇರಿದ ಹೀಟರಿನ ಲೋಹದ ಮೈಗೆ ವಿದ್ಯುತ್ತು ಏರುವುದು. ಒದ್ದೆಯ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು, ಒದ್ದೆಯ ಕೈಯಿಂದ ಸೊಪ್ಪು ಹಾಕುವ ಹೆಣ್ಣುಮಕ್ಕಳೇ ಹುಳುಮನೆಯಲ್ಲಿ ಹೆಚ್ಚು ಕಾಲ ಇರುವವರೆಂಬುದನ್ನು ನೆನೆದರೆ, ಈ ಚಮತ್ಕಾರಕ್ಕೆ ಯಾವ ಯಜಮಾನನೂ ಒಪ್ಪಲಾರನು. ನ್ಯೂಟ್ರಲ್ ಇಲ್ಲದ ಕಡೆ ಬೋರ್ಡಿನಿಂದ ಹೊಸದಾಗಿ ಮೂರೆಳೆಯ ತಂತಿಯನ್ನು ಎಳೆಯಿಸುವುದೊಂದೇ ಮಾರ್ಗ.

ಶಾಖಗ್ರಾಹಿಯನ್ನು ತಟ್ಟೆಗಳ ನಡುವಣ ಎತ್ತರದಲ್ಲಿ, ಹೀಟರಿನಿಂದಲೂ ಬಾಗಿಲಿನಿಂದಲೂ ದೂರವಾಗಿ ಇಡಬೇಕಾದುದರಿಂದ ಅದರ ತಂತಿಯನ್ನು ಅನೇಕ ವೇಳೆ ಉದ್ದಮಾಡಬೇಕಾಗುವುದು. ಇಲ್ಲಿ ಒಂದು ಸೂಕ್ಷ್ಮವಿದೆ. ಸಾಮಾನ್ಯ ಯಂತ್ರಗಳಲ್ಲಿರುವ ಎನ್.ಟಿ.ಸಿ. ಎಂಬ ಗ್ರಾಹಿಯ ಅಡ್ಡಿಯು ೨೫ ಡಿಗ್ರಿಯಲ್ಲಿ ೧೦,೦೦೦ ಓಮಿನಷ್ಟಿದ್ದು, ಒಂದು ಡಿಗ್ರಿಗೆ ನೂರಾರು ಓಮ್ ಬದಲಾಗುವುದರಿಂದ ತಂತಿಯ ಒಂದೆರಡು ಓಮ್ ಲೆಕ್ಕಕ್ಕೆ ಬರುವುದಿಲ್ಲ. ಪಿ.ಟಿ. ೧೦೦ ಎಂಬ ಪ್ಲಾಟಿನಂ ಗ್ರಾಹಿಯಾದರೋ ಡಿಗ್ರಿಯೊಂದಕ್ಕೆ ೦.೩೮೫ ಓಮ್ ಮಾತ್ರ ಬದಲಾಗುವುದು. ಇದಕ್ಕೆ ೦.೫ ಚದರ ಮಿಲಿಮೀಟರಿನ ಎರಡೆಳೆಯ ತಂತಿಯನ್ನು ೨೦ ಮೀಟರ್ ಸೇರಿಸಿದರೆ, ಹೋಗಿಬರುವ ೪೦ ಮೀಟರಿನ ಅಡ್ಡಿಯು ೧.೫೬ ಓಮ್ ಆಗಿ, ಯಂತ್ರವು ಇಲ್ಲದ ೪ ಡಿಗ್ರಿಯನ್ನು ಇರುವುದಾಗಿ ಓದುವುದು. ಮುಖದಲ್ಲಿ ೨೮ ಎಂದು ಕಾಣುತ್ತಿದ್ದರೂ ತಟ್ಟೆಯಲ್ಲಿ ೨೪ ಮಾತ್ರ. ಮೊಟ್ಟೆ ಕೆಟ್ಟಿತು, ಸೊಪ್ಪು ಕೆಟ್ಟಿತು ಎಂದು ಕಾರಣವನ್ನು ಬೇರೆಲ್ಲೋ ಹುಡುಕುತ್ತಿರುವಾಗ ತಪ್ಪು ಈ ಒಂದು ತುಂಡು ತಂತಿಯಲ್ಲಿರಬಹುದು. ಅಂತಹ ಗ್ರಾಹಿಗೆ ಮೂರೆಳೆಯ ತಂತಿಯನ್ನೇ ಉಪಯೋಗಿಸಬೇಕು. ಮೂರನೆಯ ಎಳೆಯ ಮೂಲಕ ಯಂತ್ರವು ತಂತಿಯ ಅಡ್ಡಿಯನ್ನು ತಾನೇ ಕಳೆದುಕೊಳ್ಳುವುದು. ಯಾವ ಗ್ರಾಹಿಯೇ ಆಗಲಿ, ಅದರ ತಂತಿಯನ್ನು ಹೀಟರಿನ ತಂತಿಯ ಜೊತೆಯಲ್ಲಿ ಒಂದೇ ಕೊಳವೆಯೊಳಗೆ ಎಳೆಯಬಾರದು.

ಹುಳುಮನೆಯ ಗಾಳಿಯು ತಂತಿಗೆ ಹಿತವಾದುದಲ್ಲ. ಪ್ರತಿ ಬೆಳೆಗೂ ಮುನ್ನ ನೂರಕ್ಕೆ ೨ರಷ್ಟು ಬ್ಲೀಚಿಂಗ್ ಪುಡಿಯನ್ನು ಸುಣ್ಣದ ತಿಳಿಯಲ್ಲಿ ಬೆರೆಸಿ ಗೋಡೆ ನೆಲಗಳಿಗೆ ಎರಚುವರಷ್ಟೆ. ಆ ಕ್ಲೋರಿನ್ನಿಗೆ ತಾಮ್ರದ ತುದಿಗಳು ಹಸುರಾಗಿ ಕಿಲುಬು ಹಿಡಿಯುವುವು. ಕಿಲುಬು ಹಿಡಿದ ಕೂಡಿಕೆಯು ಸಡಿಲವಾಗಿ, ತಂತಿಯ ಉಳಿದ ಭಾಗವು ತಣ್ಣಗಿದ್ದರೂ ಅಲ್ಲಿ ಮಾತ್ರ ಕಾಯುವುದು. ನಡುದಾರಿಯಲ್ಲಿ ತಂತಿಯನ್ನು ಹೊಸೆದು ಟೇಪು ಸುತ್ತುವ ಪದ್ಧತಿಯನ್ನು ಇಲ್ಲಿ ಪೂರ್ತಿಯಾಗಿ ಬಿಡಬೇಕು. ಬೋರ್ಡಿನಿಂದ ಥರ್ಮೋಸ್ಟಾಟಿನವರೆಗೆ ಒಂದೇ ತುಂಡು, ಅಲ್ಲಿಂದ ಹೀಟರಿನವರೆಗೆ ಒಂದೇ ತುಂಡು ಇರಬೇಕು. ಕೂಡಿಕೆಗಳೆಲ್ಲ ಮುಚ್ಚಳದ ಪೆಟ್ಟಿಗೆಯೊಳಗೆ ತಿರುಪಿನಿಂದ ಬಿಗಿದಿರಬೇಕು. ತಂತಿಯು ಪೆಟ್ಟಿಗೆಯನ್ನು ಕೆಳಗಿನಿಂದ ಪ್ರವೇಶಿಸಿದರೆ ತೇವದ ಹನಿಯು ಒಳಗೆ ಇಳಿಯುವುದಿಲ್ಲ. ಇಲಿಗಳು ಪಿ.ವಿ.ಸಿ.ಯನ್ನು ಕಡಿಯುವುದರಿಂದ ಕೊಳವೆಯು ಬೇಕೇ ಬೇಕು. ಹೀಟರಿನ ಒಳಗಿನ ಬಿಸಿಯ ಭಾಗಕ್ಕೆ ತಗುಲುವ ಕೊನೆಯ ಒಂದು ಗೇಣು ತಂತಿಗೆ ಪಿ.ವಿ.ಸಿ. ಆಗದು, ೭೦ ಡಿಗ್ರಿಯ ಮೇಲೆ ಅದು ಮೆತ್ತಗಾಗುವುದು. ಅಲ್ಲಿಗೆ ಸಿಲಿಕೋನ್ ರಬ್ಬರಿನ ಹೊದಿಕೆಯನ್ನೋ, ಗಾಜಿನ ನಾರಿನ ಕೊಳವೆಯನ್ನೋ ಉಪಯೋಗಿಸುವರು.

ಬಯಲಿನಲ್ಲಿ ತಂತಿಯನ್ನು ಹಿಪ್ಪುನೇರಳೆಯ ಗಿಡಗಳ ಮೇಲೆಯೂ ಬೇಲಿಯ ಮೇಲೆಯೂ ಹಾಯಿಸುವುದು ಹೆಚ್ಚು ವಿಸ್ತರಿಸಿ ಖಂಡಿಸಬೇಕಾದ ವಿಷಯವಲ್ಲ. ಕುಡುಗೋಲಿಗೆ ಸಿಕ್ಕುವ ತಂತಿಯು ಎಂದಿದ್ದರೂ ಸಿಕ್ಕುವುದೇ. ಕವಚವುಳ್ಳ ನೆಲದ ಕೇಬಲನ್ನು ೭೫ ಸೆಂಟಿಮೀಟರ್ ಆಳದಲ್ಲಿ ಹೂಳಿಸುವುದು ಉತ್ತಮ. ತೋಟದ ಪಂಪಿನ ಮಾರ್ಗದಿಂದ ಹುಳುಮನೆಗೆ ವಿದ್ಯುತ್ತನ್ನು ತೆಗೆದುಕೊಳ್ಳುವವರು, ಆ ಮಾರ್ಗಕ್ಕೆ ಗೊತ್ತಾದ ಗಂಟೆಗಳಲ್ಲಿ ಮಾತ್ರ ವಿದ್ಯುತ್ತು ಬರುವುದೆಂಬುದನ್ನೂ, ಶಾಖವು ಬೇಕಾಗುವುದು ಬೆಳಗಿನ ಜಾವದಲ್ಲೆಂಬುದನ್ನೂ ಮರೆಯಬಾರದು.

ಎಂ.ಸಿ.ಬಿ.ಯು ಕಾಪಾಡುವುದು ಹೀಟರನ್ನಲ್ಲ, ತಂತಿಯನ್ನು. ಆದುದರಿಂದ ಅದರ ಸಂಖ್ಯೆಯು ಯಾವಾಗಲೂ ತಂತಿಯ ಶಕ್ತಿಗಿಂತ ಕೆಳಗಿರಬೇಕು. ೨೦೦೦ ವಾಟಿನ ಒಂದು ಹೀಟರಿಗೆ ೧೦ ಆಂಪಿಯರಿನದು, ೬ರ ತಂತಿಯ ಮೇಲಿನ ಎರಡು ಹೀಟರುಗಳಿಗೆ ೨೦ ಆಂಪಿಯರಿನದು ಸರಿ. ಪದೇಪದೇ ಬೀಳುತ್ತದೆಂದು ಬೇಸರಪಟ್ಟು ೩೨ರದನ್ನು ಹಾಕಿಸುವುದು, ನಾಯಿ ಬೊಗಳುತ್ತದೆಂದು ಅದರ ಬಾಯಿ ಕಟ್ಟಿ ಮಲಗಿದಂತೆ. ಇದರ ಜೊತೆಗೆ ೩೦ ಮಿಲಿ ಆಂಪಿಯರಿನ ಸೋರಿಕೆಗೆ ಬೀಳುವ ಆರ್.ಸಿ.ಸಿ.ಬಿ.ಯೊಂದನ್ನು ತಪ್ಪದೆ ಇಡಿಸಬೇಕು, ಎಂ.ಸಿ.ಬಿ.ಯು ತಂತಿಯನ್ನು ಕಾಪಾಡಿದರೆ ಮನುಷ್ಯನನ್ನು ಕಾಪಾಡುವುದು ಇದು. ರಿಲೇ ಅಂಟಿಕೊಳ್ಳುವ ಭಯಕ್ಕೆ, ೩೨ ಡಿಗ್ರಿಗೆ ಗೊತ್ತುಮಾಡಿದ ಸಾಧಾರಣ ಥರ್ಮೋಸ್ಟಾಟೊಂದನ್ನು ಅದೇ ಫೇಸಿನ ದಾರಿಯಲ್ಲಿ ಎರಡನೆಯ ಕಾವಲಿನಂತೆ ಸೇರಿಸಬಹುದು. ಮೊದಲನೆಯದು ಆರಿಸದಿದ್ದರೆ ಇದು ಆರಿಸುವುದು.

ಈ ಕೆಲಸವನ್ನೆಲ್ಲ ಪರವಾನಗಿಯುಳ್ಳ ವೈರ್‌ಮನ್ನನಿಂದಲೇ ಮಾಡಿಸತಕ್ಕದ್ದು. ಯಜಮಾನನು ತಾನೇ ಮಾಡಬಹುದಾದುದು ಪರೀಕ್ಷೆಯನ್ನು. ಹುಳುವನ್ನು ತರುವುದಕ್ಕೆ ಎರಡು ರಾತ್ರಿ ಮುಂಚೆ ಬರಿಯ ಕೋಣೆಯಲ್ಲಿ ಹೀಟರನ್ನು ಹಚ್ಚಿ, ಮೇಲಿನ, ನಡುವಿನ, ಕೆಳಗಿನ ತಟ್ಟೆಗಳಲ್ಲಿ ಒಂದೊಂದು ಸಾಧಾರಣ ಉಷ್ಣಮಾಪಕವನ್ನಿಟ್ಟು, ಯಂತ್ರವು ತೋರಿಸುವ ಸಂಖ್ಯೆಯೊಡನೆ ಬೆಳಗಿನ ಐದು ಗಂಟೆಯಲ್ಲಿ ಹೋಲಿಸಿ ಬರೆದಿಡಬೇಕು. ಆಗಲೇ ಬೋರ್ಡಿನ ಮುಖ್ಯ ಗುಂಡಿಯನ್ನು ಆರಿಸಿ, ತಂತಿಯನ್ನು ಉದ್ದಕ್ಕೂ ಅಂಗೈಯಿಂದ ಮುಟ್ಟಿ ನೋಡಬೇಕು. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ, ಅಂಗೈಯನ್ನು ಇಡಲಾಗದಷ್ಟು ಬಿಸಿಯಾಗಿದ್ದರೆ ಆ ತಂತಿಯನ್ನು ತೆಗೆಯಿಸಬೇಕು, ಒಂದು ಕೂಡಿಕೆಯು ಮಾತ್ರ ಬಿಸಿಯಾಗಿದ್ದರೆ ಅದರ ತಿರುಪನ್ನು ಬಿಗಿಸಬೇಕು. ಮತ್ತೆ ವಿದ್ಯುತ್ತನ್ನು ಕೊಟ್ಟಾಗ ಥರ್ಮೋಸ್ಟಾಟು ಹಿಂದಿನ ೨೮ ಡಿಗ್ರಿಯನ್ನು ತಾನೇ ನೆನಪಿಟ್ಟುಕೊಂಡು ಹತ್ತುವುದೋ, ಇಲ್ಲವೇ ಯಾರಾದರೂ ಬಂದು ಒತ್ತಲೆಂದು ಕಾದಿರುವುದೋ ಎಂಬುದೂ ಇದೇ ವೇಳೆಯಲ್ಲಿ ಗೊತ್ತಾಗುವುದು.